ಒಮ್ಮೆಯೂ ತೊಡದ ಪದಕ

ಯುದ್ಧದಲ್ಲಿ ಸತ್ತವನ ಪದಕಕ್ಕೆ ಬದುಕಿ ಬಂದವನ ಪದಕಕ್ಕಿಂತ ಮೂರು ಪಟ್ಟು ಬೆಲೆ. ಅದೇ ಯುದ್ಧ, ಅದೇ ಲೋಹ, ಅದೇ ತೂಕ. ಒಬ್ಬ ಮನೆಗೆ ಬಂದು, ಹೆಂಡತಿಯ ಜೊತೆ ಜಗಳವಾಡಿಕೊಂಡು ಮುದುಕನಾದ. ಇನ್ನೊಬ್ಬನ ಕರುಳು ಮುಳ್ಳುತಂತಿಗೆ ಜೋತುಬಿದ್ದು ಒಣಗಿತು. ಒಣಗಿದ ಕರುಳಿಗೆ ಪೇಟೆ ಹೆಚ್ಚು ಕೊಡುತ್ತದೆ. ಕೊಂದವನ ಪದಕಕ್ಕೂ ಗಿರಾಕಿಗಳಿದ್ದಾರೆ. ಎಷ್ಟು ಜನರನ್ನು ಕೊಂದ ಎನ್ನುವುದಕ್ಕೆ ಕಾಗದವಿದ್ದರಂತೂ ಸಾಲುಗಟ್ಟಿ ನಿಲ್ಲುತ್ತಾರೆ. ಇದು ಗುಟ್ಟೇನಲ್ಲ, ಹರಾಜಿನ ಪಟ್ಟಿಗಳಲ್ಲಿ ಅಚ್ಚಾಗುವ ಮಾತು. ನಿಮಗೆ ಗೊತ್ತಿರಬೇಕಿತ್ತು.

ರಿಬ್ಬನ್ ಅಕ್ಕನಿಗೆ ಮೂವತ್ತು ವರ್ಷಗಳಿಂದ ಗೊತ್ತು. ಅರವತ್ತೊಂದರ ಹೆಂಗಸು. ಎಡಗಿವಿಯ ಮೇಲಿನ ಅರ್ಧ ಇಲ್ಲ. ಬಾಯಿ ಬಿಟ್ಟರೆ ಕತ್ತರಿ ಆಡಿಸಿದ ಹಾಗೆ. ಹಳೆಯ ನಾಣ್ಯ, ಕತ್ತಿ, ಪದಕ ಮಾರುವ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕಿಟಕಿಗೆ ಎಡಗಡೆ ಮೇಜು ಹಾಕಿಕೊಂಡು ಕೂರುತ್ತಾಳೆ. ಮೇಜಿನ ಮೇಲೆ ಅಕ್ಕಸಾಲಿಗರ ಪುಟ್ಟ ತಕ್ಕಡಿ, ಭೂತಗನ್ನಡಿ, ದಪ್ಪ ಅಳೆಯುವ ಉಕ್ಕಿನ ಕ್ಯಾಲಿಪರ್, ನೇರಳೆ ಬೆಳಕು ಬಿಡುವ ಒಂದು ಟಾರ್ಚು. ಓದಿದ್ದು ಅನಾಥಾಲಯದಲ್ಲಿ ನಾಲ್ಕನೇ ತರಗತಿ. ಅಲ್ಲೇ ಕಲಿತ ಹೊಲಿಗೆಯಿಂದ ಸೈನ್ಯದ ಉಗ್ರಾಣದಲ್ಲಿ ಪದಕಗಳಿಗೆ ರಿಬ್ಬನ್ ಹೊಲಿಯುವ ಕೆಲಸ ಸಿಕ್ಕಿತು. ಆ ಕೆಲಸ ಮಾಡಿಯೇ ಅವಳ ಯೌವನ ಕಳೆಯಿತು. ಮಷಿನ್ ಬಂದಾಗ ಹೆಂಗಸರನ್ನೆಲ್ಲ ಮನೆಗೆ ಕಳಿಸಿದರು. ಈ ಅಂಗಡಿಯ ಯಜಮಾನ ಅವಳನ್ನು ಕರೆದು ಕೂರಿಸಿಕೊಂಡ. ಹಳೆಯ ಪದಕಗಳ ಹರಿದ ರಿಬ್ಬನ್ನಿಗೆ ತೇಪೆ ಹಾಕಲಿ ಅಂತ.

ತೇಪೆ ಹಾಕುವವಳು ಮೂರನೇ ತಿಂಗಳಿಗೆ ಯಜಮಾನನ ಎದುರು ಹನ್ನೆರಡು ಪದಕ ಸುರಿದು, "ಇವು ಖೋಟಾ" ಅಂದಳು. ನೇರಳೆ ಬೆಳಕು ಬಿಟ್ಟರೆ ರಿಬ್ಬನ್ನಿನ ದಾರ ಮಿಂಚುಹುಳದ ಹಾಗೆ ಹೊಳೆಯುತ್ತಿತ್ತು; ಆ ಕಾಲದ ರೇಷ್ಮೆ ಹಾಗೆ ಹೊಳೆಯುವುದಿಲ್ಲ. ಅಲ್ಲಿಂದ ಮುಂದೆ ದಾರದಿಂದ ಲೋಹಕ್ಕೆ ಇಳಿದಳು. ಅಚ್ಚೊತ್ತಿದ ಪದಕಕ್ಕೆ ಗೆರೆ ಚೂಪು. ಎರಕ ಹೊಯ್ದ ಖೋಟಾ ಪದಕ ಸೋಪು ಸವೆದ ಹಾಗೆ ಮೊಂಡು, ಕೂದಲೆಳೆಯಷ್ಟು ಚಿಕ್ಕದು ಕೂಡ. ಅಂಚಿನ ಮೇಲೆ ಸಿಪಾಯಿಯ ಹೆಸರು, ನಂಬರು ಕೊರೆದಿರುತ್ತಾರೆ. ಹೆಸರನ್ನು ಅರದಿಂದ ಉಜ್ಜಿ ಬೇರೆ ಹೆಸರು ಹಾಕಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಕ್ಯಾಲಿಪರ್ ಹಿಡಿದುಕೊಡುತ್ತದೆ. ತೊಟ್ಟ ಪದಕಕ್ಕೆ ಪಕ್ಕದ ಪದಕ ಬಡಿದು ಬಡಿದು ಸಣ್ಣ ಸಣ್ಣ ಗುಳಿ ಬಿದ್ದಿರುತ್ತವೆ; ಪಿನ್ನಿನ ತೂತು, ಬೆವರಿನ ಕಲೆ ರಿಬ್ಬನ್ನಿನಲ್ಲಿ ಉಳಿದಿರುತ್ತವೆ. ಪದಕ ಮನುಷ್ಯನಿಗಿಂತ ನೆಟ್ಟಗೆ ಮಾತಾಡುತ್ತದೆ ಎಂದು ಅಕ್ಕ ನಂಬಿದ್ದಳು.

"ಯಾರಪ್ಪ ಇದನ್ನ ತಿಕ್ಕಿದ್ದು?" ಎಂದು ಗಿರಾಕಿಯನ್ನು ಕೇಳುವಳು.

"ನಾನೇ ಅಕ್ಕ. ಹಲ್ಲುಪುಡಿ ಹಾಕಿ ತಿಕ್ಕಿದೆ. ಹೇಗೆ ಫಳಫಳ ಅಂತಿದೆ ನೋಡಿ."

"ನಿನ್ನ ಹಲ್ಲು ಬಿಟ್ಟು ಇದನ್ನ ಉಜ್ಜಿದೆಯಾ? ಸಿಂಹಕ್ಕೆ ಮೂಗೇ ಇಲ್ಲ ಈಗ. ನೆಗಡಿ ಆದ್ರೆ ಏನ್ಮಾಡುತ್ತೆ ಅದು, ಪಾಪ. ತಗೊಂಡ್ಹೋಗು, ಕಾಗದ ಹಾರದಂತೆ ಮೇಲಿಡೋಕೆ ಆಗುತ್ತೆ."

ಇಷ್ಟು ಎಲ್ಲರಿಗೂ ಗೊತ್ತಿದ್ದ ಅಕ್ಕ. ಗೊತ್ತಿಲ್ಲದ್ದು ಕಿವಿಯ ಕಥೆ. ಕೇಳಿದವರಿಗೆ "ಇಲಿ ತಿಂತು" ಅನ್ನುತ್ತಿದ್ದಳು.

ಇಲಿಯಲ್ಲ, ಬಯೊನೆಟ್, ಬಂದೂಕಿನ ಮೂತಿಯ ಚೂರಿ. ಅವಳಿಗಾಗ ಒಂಬತ್ತು ವರ್ಷ. ಹೊಳೆಯ ದಕ್ಷಿಣ ದಡದಲ್ಲಿ ನೂಲಿಗೆ ಬಣ್ಣ ಹಾಕುವವರ ಕೇರಿ ಅವಳದು. ಕೇರಿಯವರು ಶತ್ರುವಿಗೆ ದೋಣಿ ಕೊಟ್ಟರಂತೆ ಎಂಬ ಅಂತೆಕಂತೆ ಉತ್ತರ ದಡದ ಪೇಟೆಯಲ್ಲಿ ಹುಟ್ಟಿ, ಬಾಯಿಂದ ಬಾಯಿಗೆ ಹಾರಿ, ಸೈನ್ಯದ ಠಾಣ್ಯಕ್ಕೆ ಮುಟ್ಟಿತ್ತು. ಯುದ್ಧ ಮುಗಿಯಲು ಹನ್ನೊಂದು ದಿನ ಬಾಕಿ ಇದ್ದಾಗ, ಬೆಳಗಿನ ಹೊತ್ತು, ಸಿಪಾಯಿಗಳು ಬಂದರು. ಶತ್ರುವಿನ ಸಿಪಾಯಿಗಳಲ್ಲ. ನಮ್ಮವರು. ದೊಡ್ಡಣ್ಣ ನೀರಿನಲ್ಲಿ ನಿಂತು ನೂಲು ಜಾಲಿಸುತ್ತಿದ್ದ; ಮೊದಲ ಗುಂಡು ಅವನ ಮಂಡಿಗೆ. ಬಿದ್ದವನು ಏಳಲು ಹೋದಾಗ ಎರಡನೆಯದು ಬಾಯಿಗೆ. ಹಲ್ಲುಗಳು ಬಂಡೆಯ ಮೇಲೆ ಚಿಮ್ಮಿದ ಸದ್ದು ಅಕ್ಕನಿಗೆ ಈಗಲೂ ಕೇಳುತ್ತದೆ. ಸಣ್ಣಣ್ಣ ಓಡಿದ. ಅವನನ್ನು ಅಟ್ಟಿಸಿಕೊಂಡು ಹೋಗಿ, ಕೂದಲು ಹಿಡಿದು ಎಳೆದು ತಂದು, ತೊಟ್ಟಿಯ ಬಣ್ಣದ ನೀರಿನಲ್ಲಿ ತಲೆ ಅದ್ದಿ ಹಿಡಿದರು. ಕಾಲು ಬಹಳ ಹೊತ್ತು ಆಡಿತು. ಅವ್ವನ ಕೈ ಮೊಣಕೈವರೆಗೆ ಕೆಂಪು ಬಣ್ಣ. ಆ ಎರಡೂ ಕೈ ಎತ್ತಿ "ಅಣ್ಣಾ, ಅಣ್ಣಾ" ಎನ್ನುತ್ತ ಮುಂದೆ ಬಂದಳು. ಎತ್ತಿದ ಕೈಯ ನಡುವೆ ಹೊಡೆದರು.

ಹುಡುಗಿ ಖಾಲಿ ತೊಟ್ಟಿಯಲ್ಲಿ ಒದ್ದೆ ನೂಲಿನ ರಾಶಿಯ ಕೆಳಗಿದ್ದಳು. ರಾಶಿಗೆ ಯಾರೋ ಮೂರು ಸಲ ಬಯೊನೆಟ್ ಇರಿದ. ಎರಡನೆಯದು ಕಿವಿ ಕತ್ತರಿಸಿತು. ನೂಲು ಕಚ್ಚಿಕೊಂಡು ಬಿದ್ದಿದ್ದಳು, ಕೂಗಲಿಲ್ಲ.

ಸರ್ಕಾರದ ದಾಖಲೆಯಲ್ಲಿ ಇದು ಹೀಗಿದೆ: "ದಕ್ಷಿಣ ದಡದಲ್ಲಿ ಹೊಳೆ ದಾಟಿ ಬಂದ ಹದಿನಾಲ್ಕು ಶಸ್ತ್ರಧಾರಿಗಳನ್ನು ಸದೆಬಡಿದದ್ದಕ್ಕೆ ಎರಡು ಪದಕ: ಒಂದು ಬೆಳ್ಳಿ, ಒಂದು ಕಂಚು." ಅಂಗಡಿಯ ಕಪಾಟಿನ ದಪ್ಪ ಪುಸ್ತಕದಲ್ಲಿ ಅಕ್ಕ ಈ ಸಾಲನ್ನು ಬೆರಳಿಟ್ಟು ಓದಿದಾಗ ಅವಳಿಗೆ ಮೂವತ್ತೆರಡು. ಇಬ್ಬರ ಹೆಸರೂ ನಂಬರೂ ಅಲ್ಲಿದ್ದವು. ಬೆಳ್ಳಿಯವನು ಸತ್ತು, ಅವನ ಪದಕ ವಸ್ತುಸಂಗ್ರಹಾಲಯದ ಗಾಜಿನೊಳಗೆ ಸೇರಿತ್ತು. ಕಂಚು ಎಲ್ಲಿದೆ ಯಾರಿಗೂ ಗೊತ್ತಿಲ್ಲ. ಪದಕ ಕೂಡಿಸುವ ಹುಚ್ಚಿನವರಿಗೆಲ್ಲ ಅದರ ಮೇಲೆ ಕಣ್ಣು: "ದಕ್ಷಿಣ ದಡ" ಎಂದು ಕೊರೆದ ಲೋಹದ ಪಟ್ಟಿ ರಿಬ್ಬನ್ನಿನ ಮೇಲಿರುವ ಕಂಚು, ಲೋಕಕ್ಕೆಲ್ಲ ಒಂದೇ.

ಅದು ಬಂದದ್ದು ತಂಬಾಕಿನ ಡಬ್ಬಿಯಲ್ಲಿ. ತಂದವಳು ಆಸ್ಪತ್ರೆಯ ನರ್ಸ್, ನಲವತ್ತರ ಆಸುಪಾಸು, ಪಾಳಿ ಮುಗಿಸಿ ಅದೇ ಬಟ್ಟೆಯಲ್ಲಿ ಬಂದಿದ್ದಳು.

"ಅಪ್ಪಂದು ಅಕ್ಕ. ಬರೋ ತಿಂಗಳು ಎಂಬತ್ತು ತುಂಬುತ್ತೆ. ಚೌಕಟ್ಟು ಹಾಕ್ಸಿ ಗೋಡೆಗೆ ತೂಗುಹಾಕೋಣ ಅಂತ. ಕೆಳಗೆ ಹಿತ್ತಾಳೆ ಪಟ್ಟಿಲಿ, ಯಾವುದಕ್ಕೆ ಬಂದಿದ್ದು ಅಂತ ಎರಡು ಸಾಲು ಬರೀಬೇಕು. ಅಪ್ಪ ಬಾಯೇ ಬಿಡಲ್ಲ. ನಂಗೇ ಕೊಟ್ಟುಬಿಟ್ಟಿದ್ದಾರೆ ಇದನ್ನ, ಇಟ್ಕೊ ಅಂತ."

ಅಕ್ಕ ಅಭ್ಯಾಸದಂತೆ ತಂದವಳ ಮುಖ ನೋಡಲಿಲ್ಲ. ಮೊದಲು ತೂಕ, ಸರಿಯಿತ್ತು. ಅಗಲ, ಸರಿ. ಅಂಚು, ಅರ ಮುಟ್ಟಿಲ್ಲ. ಅಂಚಿನ ಅಂಕಿಗಳು ಆ ಕಾಲದ ಅಚ್ಚಿನವೇ. ಅಂಕಿಗಳ ಆಕಾರ ನೋಡುವವರು ನಂಬರು ಓದುವುದಿಲ್ಲ. ಈ ಕಸುಬಿನ ಶಾಪ ಅದು. ಒಂದು ಗುಳಿಯಿಲ್ಲ, ಗೀರಿಲ್ಲ, ಮೈಮೇಲೆ ಜೇನಿನ ಬಣ್ಣದ ಪೊರೆ. ರಿಬ್ಬನ್ ಅಂದು ಮಡಿಚಿದ ಮಡಿಕೆಯಲ್ಲೇ ಗಟ್ಟಿಯಾಗಿದೆ, ಪಿನ್ನು ಚುಚ್ಚಿದ ತೂತೇ ಇಲ್ಲ.

"ಅಸಲಿ," ಎಂದಳು ಅಕ್ಕ. ಮುಖ ಅರಳಿತ್ತು. "ಬಂಗಾರದಂಥ ಕಂಚು. ಮೂವತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ ಕಣಮ್ಮ."

ಆಮೇಲೆ ರಿಬ್ಬನ್ನಿನ ಮಡಿಕೆ ಬಿಡಿಸಿದಳು. "ದಕ್ಷಿಣ ದಡ" ಎಂದು ಕೊರೆದ ಪಟ್ಟಿ ಕಾಣಿಸಿತು.

ಅವ್ವನನ್ನು ಕೊಂದವನ ಪದಕ ಕೈಯಲ್ಲಿ ಹಿಡಿದು ಎರಡು ನಿಮಿಷ ಅವಳು ಸುಖಪಟ್ಟಿದ್ದಳು. ಆ ಎರಡು ನಿಮಿಷವನ್ನು ಅಕ್ಕ ಇವತ್ತಿಗೂ ತನಗೆ ತಾನು ಮಾಫಿ ಮಾಡಿಕೊಂಡಿಲ್ಲ.

ನರ್ಸ್ ಟೀ ಕುಡಿದು ಬರುತ್ತೇನೆಂದು ಹೊರಗೆ ಹೋದಳು. ಅಕ್ಕ ಪದಕವನ್ನು ಮತ್ತೆ ಭೂತಗನ್ನಡಿಯ ಕೆಳಗಿಟ್ಟಳು. ಕಸುಬಿನ ಕಣ್ಣು ಸುಮ್ಮನಿರಲಿಲ್ಲ. ಐವತ್ತೆರಡು ವರ್ಷ, ಒಮ್ಮೆಯೂ ತೊಟ್ಟಿಲ್ಲ. ಮೆರವಣಿಗೆಗೆ ತೊಟ್ಟಿಲ್ಲ, ಮಗಳ ಮದುವೆಗೆ ತೊಟ್ಟಿಲ್ಲ, ಫೋಟೋಗೂ ತೊಟ್ಟಿಲ್ಲ. ವೀರರೆಂದುಕೊಳ್ಳುವವರು ಹೀಗಿಡುತ್ತಾರೆಯೇ? ಅವರ ಪದಕಗಳು ಬಡಿದು ಬಡಿದು ಸಿಡುಬು ಬಂದವರ ಮುಖವಾಗಿರುತ್ತವೆ. ಇವನು ತಂಬಾಕಿನ ಡಬ್ಬಿಯಲ್ಲಿ ಹೂತಿಟ್ಟಿದ್ದಾನೆ. ಹೆಂಡತಿ ಮಕ್ಕಳಿಗೂ ಹೇಳಿಲ್ಲ. ಅಂದರೆ ಒಳಗೆ ಕೊರೆಯುತ್ತಿದೆ. ಅವನ ಬಾಯಿಂದ ಒಂದು ಮಾತು ಬಂದರೆ ಸಾಕು ಅನ್ನಿಸಿತು ಅವಳಿಗೆ: "ಅವರ ಕೈಯಲ್ಲಿ ಏನೂ ಇರಲಿಲ್ಲ, ತಪ್ಪಾಯಿತು." ಆ ಮಾತನ್ನೇ ಹಿತ್ತಾಳೆ ಪಟ್ಟಿಯ ಮೇಲೆ ಬರೆಸಬಹುದು. ಶಸ್ತ್ರಧಾರಿಗಳು ಎಂಬ ಸುಳ್ಳು ಒಂದು ಗೋಡೆಯ ಮೇಲಾದರೂ ಸಾಯುತ್ತದೆ.

ಯಜಮಾನನಿಗೆ ಸುದ್ದಿ ಮುಟ್ಟಿ ಓಡಿಬಂದ. "ಅದೇನಾ ಅಕ್ಕ? ಅದೇನಾ? ನನ್ನಾಣೆ ಹೇಳು."

"ನಿಮ್ಮಾಣೆ ಯಾಕೆ. ಅದೇ."

"ಮನೆಗೆ ಹೋಗು. ಮುದುಕನ ಬಾಯಿಂದ ನಾಲ್ಕು ಮಾತು ಬರಸ್ಕೊಂಡು ಬಾ. ಕಥೆ ಜೊತೆಗಿದ್ರೆ ಅದರ ಬೆಲೆನೇ ಬೇರೆ. ಮಗಳನ್ನ ನಾನು ಒಪ್ಪಿಸ್ತೀನಿ."

"ಹೋಗ್ತೀನಿ," ಎಂದಳು ಅಕ್ಕ. ಯಾಕೆಂದು ಹೇಳಲಿಲ್ಲ.

ಮಾರನೆಯ ಮಧ್ಯಾಹ್ನ. ಮೂರನೇ ಮಹಡಿ, ಎರಡು ಕೋಣೆಯ ಮನೆ. ಮುದುಕ ಕಿಟಕಿಯ ಬಳಿ ಕುರ್ಚಿಯಲ್ಲಿದ್ದ. ಕಾಲು ಬಿದ್ದುಹೋಗಿತ್ತು, ಕೈಗಳು ಇನ್ನೂ ಗಟ್ಟಿ; ಬಟ್ಟೆ ಹಿಂಡುವ ಹಾಗೆ ಒಂದನ್ನೊಂದು ಹಿಂಡಿಕೊಳ್ಳುತ್ತಿದ್ದವು. ಒಳಕೋಣೆಯಲ್ಲಿ ಮಗ, ಟೈರು ರಿಪೇರಿಯವನು, ಊಟ ಮಾಡಿ ಮಲಗಿದ್ದ. ನರ್ಸ್ ಒಲೆಯ ಮೇಲೆ ಟೀಗೆ ಇಟ್ಟಳು. ಅಕ್ಕ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಇಡಿಯಾಗಿದ್ದ ಕಿವಿಯನ್ನು ಅವನ ಕಡೆ ತಿರುಗಿಸಿ ಕೂತಳು.

"ಯಜಮಾನ್ರೇ, ಇದನ್ನ ನೀವು ಒಂದು ಸಲಾನೂ ತೊಟ್ಟಿಲ್ಲ. ಯಾಕೆ?"

ಮುದುಕ ಕಿಟಕಿಯ ಹೊರಗೆ ನೋಡಿದ. ದವಡೆ ಅದುರಿತು. ಕಣ್ಣಲ್ಲಿ ನೀರು ಬಂದದ್ದನ್ನು ಅಕ್ಕ ಕಂಡಳು. ಐವತ್ತೆರಡು ವರ್ಷ ಅವಳು ಕಾದದ್ದು ಆ ನೀರಿಗೇ.

"ಯಾವ ಮುಖ ಇಟ್ಕೊಂಡು ತೊಡ್ಲಿ?" ಎಂದ. "ಹದಿನಾಲ್ಕರಲ್ಲಿ ಒಂಬತ್ತು ನನ್ನವು. ಅವನವು ಐದೇ ಐದು. ಅದ್ರಲ್ಲೂ ಒಂದು ಕೂಸು. ಅವನಿಗೆ ಬೆಳ್ಳಿ ಕೊಟ್ರು, ನನಗೆ ಕಂಚು. ನಮ್ಮ ಮೇಲಧಿಕಾರಿಗೆ ಭಾವ ಆಗ್ಬೇಕು ಅವನು. ಆವತ್ತೇ ಡಬ್ಬಿಗೆ ಎಸೆದೆ. ಕಂಚು ಇಟ್ಕೊಂಡು ಬೆಳ್ಳಿಯವನ ಪಕ್ಕ ನಿಂತ್ಕೋಬೇಕಾ ನಾನು?"

ಅಕ್ಕನ ತಲೆಯೊಳಗೆ ಏನೂ ಉಳಿಯಲಿಲ್ಲ. ಲೋಹವನ್ನು ಸರಿಯಾಗಿಯೇ ಓದಿದ್ದಳು, ಮನುಷ್ಯನನ್ನು ತಪ್ಪು ಓದಿದ್ದಳು. ಗೀರಿಲ್ಲದ ಪದಕದಲ್ಲಿ ಅವಳು ಕಂಡದ್ದು ಪಶ್ಚಾತ್ತಾಪ, ಅಲ್ಲಿದ್ದದ್ದು ಹೊಟ್ಟೆಯುರಿ.

"ಅವರ ಕೈಲಿ ಏನಿತ್ತು?" ಎಂದು ಕೇಳಿದಳು.

"ಕೈಲಾ? ನೂಲಿತ್ತು. ಅದಕ್ಕೇ ಬೇಗ ಮುಗೀತು. ಒಬ್ಬಳಂತೂ ಕೈಯೆಲ್ಲ ಕೆಂಪು ಮಾಡ್ಕೊಂಡು ಎದುರಿಗೇ ಬಂದ್ಲು, ಅಣ್ಣಾ ಅಂತ." ಮುದುಕ ಮೂಗಿನಲ್ಲೇ ನಕ್ಕ. "ಗುರಿ ಇಡೋ ಕೆಲಸಾನೂ ಉಳೀತು."

ಅಕ್ಕ ಎದ್ದು ತಂಬಾಕಿನ ಡಬ್ಬಿಯಿಂದ ಅವನ ಬಾಯಿಗೆ ಹೊಡೆದಳು. ಎಂಬತ್ತರ, ಕಾಲು ಬಿದ್ದ ಮುದುಕನಿಗೆ ಹೊಡೆದಳು. ಇದನ್ನು ಇಲ್ಲಿ ಮುಚ್ಚಿಡುವುದಿಲ್ಲ. ತುಟಿ ಸೀಳಿತು. ಮತ್ತೆ ಹೊಡೆದಳು, ಡಬ್ಬಿಯ ಮೂಲೆ ಹುಬ್ಬು ಒಡೆಯಿತು. ಮುದುಕ ಆ ಗಟ್ಟಿ ಕೈಗಳನ್ನು ಚಾಚಿ ಅವಳ ಕುತ್ತಿಗೆ ಹಿಡಿದ. ಇಬ್ಬರೂ ಕುರ್ಚಿಯ ಸಮೇತ ಉರುಳಿದರು.

ಮಗ ಒಳಗಿನಿಂದ ಬಂದ. ಕಂಡದ್ದು ಅಪ್ಪನ ಮುಖದ ರಕ್ತ ಮಾತ್ರ.

"ನಮ್ಮಪ್ಪನ ಮೇಲೆ ಕೈ ಮಾಡ್ತೀಯಾ ಮುದುಕಿ? ಯಾವ ಕೈ ಅದು? ಇದಾ?"

ಅವಳನ್ನು ಎಳೆದು ಬಾಗಿಲಿನವರೆಗೆ ತಂದು, ಬಲಗೈಯನ್ನು ಚೌಕಟ್ಟಿಗೆ ಒತ್ತಿ ಹಿಡಿದು, ಬಾಗಿಲು ಬಡಿದ. ಒಣ ಕಡ್ಡಿ ಮುರಿದ ಸದ್ದು. ಎರಡನೆಯ ಸಲ ಬಡಿದಾಗ ಉಗುರುಗಳು ಕಿತ್ತು ಮರಕ್ಕೆ ಅಂಟಿದವು. ಅಕ್ಕ ಕೂಗಲಿಲ್ಲ. ನೆಲದ ಮೇಲೆ ಬಿದ್ದಿದ್ದ ಮುದುಕ, ಕೆಲಸದವನಿಗೆ ಹೇಳುವ ಹಾಗೆ, "ಇನ್ನೊಂದು ಸಲ ಹಾಕು," ಎಂದ.

ಮೂರನೆಯದು ಬೀಳಲಿಲ್ಲ. ನರ್ಸ್ ಪಾತ್ರೆಯ ಕುದಿಯುವ ಟೀಯನ್ನು ಅಣ್ಣನ ಬೆನ್ನಿಗೆ ಸುರಿದಳು. ಅವನು ಕಿರುಚಿ ಕೂತ. ಟವೆಲ್ಲಿನಲ್ಲಿ ಅಕ್ಕನ ಕೈ ಸುತ್ತಿ, ಸೊಂಟ ಹಿಡಿದು, ಮೂರು ಮಹಡಿ ಇಳಿಸಿದಳು. ಮೆಟ್ಟಿಲ ಮೇಲೆ ನೆರೆಹೊರೆಯವರು ನಿಂತಿದ್ದರು. "ಏನಾಯ್ತು?" ಎಂದು ಒಬ್ಬರೂ ಕೇಳಲಿಲ್ಲ. ದಾರಿ ಮಾತ್ರ ಬಿಟ್ಟರು, ತಮ್ಮ ಸೀರೆಗೆ ರಕ್ತ ತಾಗದಿರಲಿ ಅಂತ.

ಆಸ್ಪತ್ರೆಯಲ್ಲಿ ನಾಲ್ಕು ಬೆರಳಿಗೆ ಪಟ್ಟಿ ಕಟ್ಟುತ್ತ ನರ್ಸ್ ತಲೆ ಎತ್ತದೆ ಕೇಳಿದಳು. "ಆ ಕೆಂಪು ಕೈಯವರು ನಿಮಗೆ ಏನಾಗ್ಬೇಕು?"

"ಅವ್ವ."

"ಇನ್ನೂ ಯಾರಿದ್ರು?"

"ಅಣ್ಣಂದಿರು. ಇಬ್ಬರು."

ನರ್ಸ್ ಸುತ್ತುವುದನ್ನು ನಿಲ್ಲಿಸಲಿಲ್ಲ. ಕೆಲಸದ ಕೈ ಅದು. ಪಟ್ಟಿಯ ತುದಿಗೆ ಅಂಟು ಹಾಕಿ ಕತ್ತರಿಸಿದ ಮೇಲೆ ಮೂಲೆಗೆ ಹೋಗಿ, ಬಕೆಟ್ಟಿಗೆ ಬಗ್ಗಿ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದಳು. ಬಾಯಿ ಒರೆಸಿಕೊಂಡು ಬಂದು ಹೇಳಿದಳು: "ಚಿಕ್ಕವಳಿದ್ದಾಗ ಆ ಕೈಲೇ ನಂಗೆ ಜಡೆ ಹಾಕ್ತಿದ್ರು."

ದೂರು ಕೊಡಲು ಪೊಲೀಸ್ ಠಾಣೆಗೆ ಹೋದಾಗ ಅಲ್ಲಿದ್ದವನು ಅಕ್ಕನ ಕೈಯನ್ನು ನೋಡಲಿಲ್ಲ. "ದೇಶಕ್ಕೆ ದುಡಿದವರ ಮೇಲೆ ಕೈ ಮಾಡಿದ್ದು ನೀನು. ಸುಮ್ಮನೆ ಮನೆಗೆ ಹೋಗು. ಅವರು ದೊಡ್ಡ ಮನಸ್ಸು ಮಾಡಿ ಬಿಟ್ಟಿದ್ದಾರೆ," ಅಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಗಾದೆ ಹಳೆಯದು, ಬರೆ ಮಾತ್ರ ಪ್ರತಿದಿನ ಹೊಸದು.

ಮೂರು ವಾರದ ಮೇಲೆ ನರ್ಸ್ ಪದಕ ಹಿಡಿದು ಅಂಗಡಿಗೆ ಬಂದಳು. "ಕೆಳಗೆ ಎರಡು ಸಾಲು ಬರೀಬೇಕು ಅಂದಿದ್ನಲ್ಲ. ಬರ್ಕೊಡಿ."

ಯಜಮಾನ ನಡುವೆ ಬಾಯಿ ಹಾಕಿದ. ಅವನಿಗೆ ಈಗ ಎಲ್ಲ ಗೊತ್ತಿತ್ತು. ಎರಡು ದಿನ ಅತ್ತಿದ್ದ, ಮೂರನೆಯ ದಿನ ಗಿರಾಕಿಯೊಬ್ಬನಿಗೆ ಫೋನು ಮಾಡಿದ್ದ. "ನಿಜಾನೇ ಬರಿ ಅಕ್ಕ. ನಿರಾಯುಧರು ಅಂತಾನೇ ಬರಿ, ಬದುಕುಳಿದವಳ ರುಜು ಅಂತ ನಿನ್ನ ರುಜು ಹಾಕು. ಇಂಥದ್ದಕ್ಕೇ ಕಾಯ್ತಾ ಕೂತವರಿದ್ದಾರೆ. ಬಾಯಿಗೆ ಬಂದಷ್ಟು ಕೊಡ್ತಾರೆ. ನಿನಗೂ ಒಂದು ದಾರಿ ಆಗುತ್ತೆ."

ನಿಜ ಹೇಳಿದರೆ ಬೆಲೆ ಬೀಳುತ್ತದೆ ಎಂದುಕೊಂಡಿದ್ದಿರಾ? ಇಲ್ಲ, ಏರುತ್ತದೆ. ಅವ್ವನ ಎತ್ತಿದ ಕೈಗೆ ಪೇಟೆಯಲ್ಲಿ ಒಂದು ದರವಿದೆ.

"ಯಜಮಾನ್ರೇ," ಎಂದಳು ಅಕ್ಕ, "ಮೂವತ್ತು ವರ್ಷ ನಿಮ್ಮ ಅನ್ನ ತಿಂದಿದ್ದೀನಿ. ಇನ್ನೊಂದು ಮಾತಾಡಿದ್ರೆ ಈ ಕ್ಯಾಲಿಪರ್ ಎಲ್ಲಿಗೆ ಹೋಗುತ್ತೋ ನಂಗೂ ಗೊತ್ತಿಲ್ಲ."

ಯಜಮಾನ ಮುಂದಿನ ಕೋಣೆಗೆ ಹೋಗಿ ನಾಣ್ಯ ಒರೆಸತೊಡಗಿದ.

"ಇದು ಮಾರೋಕಲ್ಲ," ಎಂದಳು ನರ್ಸ್. "ಗೋಡೆಗೆ."

ಅಕ್ಕ ಎಡಗೈಯಲ್ಲಿ ಬರೆದಳು. ಅಕ್ಷರ ನಾಲ್ಕನೇ ತರಗತಿಯ ಮಗುವಿನದರ ಹಾಗೆ ಸೊಟ್ಟ. "ಅಸಲಿ. ಕಂಚು. ದಕ್ಷಿಣ ದಡದಲ್ಲಿ ನೂಲು ತೊಳೆಯುತ್ತಿದ್ದ ಹದಿನಾಲ್ಕು ಜನರನ್ನು ಕೊಂದದ್ದಕ್ಕೆ ಕೊಟ್ಟದ್ದು. ಯಾರ ಕೈಯಲ್ಲೂ ಆಯುಧ ಇರಲಿಲ್ಲ. ಸತ್ತವರು:" ಅದರ ಕೆಳಗೆ ಒಂದೊಂದೇ ಹೆಸರು: ಅವ್ವ, ಇಬ್ಬರು ಅಣ್ಣಂದಿರು, ಕಟ್ಟಿಗೆ ತರುತ್ತಿದ್ದ ತಾತ, ಅವನ ಸೊಸೆ, ಸೊಸೆಯ ಕಂಕುಳಲ್ಲಿದ್ದ ಕೂಸು. ಆರು ಸಾಲು ತುಂಬಿತು. ಅಲ್ಲಿಗೆ ಅಕ್ಕನ ಪೆನ್ನು ನಿಂತಿತು. ಉಳಿದ ಎಂಟು ಜನ ಆ ಹಂಗಾಮಿಗೆ ನೂಲು ತೊಳೆಯಲು ಉತ್ತರ ದಡದಿಂದ ಬಂದ ಕೂಲಿಯವರು. ಒಂಬತ್ತು ವರ್ಷದ ಹುಡುಗಿಗೆ ಅವರ ಹೆಸರು ಗೊತ್ತಿರಲಿಲ್ಲ. ದಾಖಲೆಯಲ್ಲಿ ಅವರು ಬರೀ ಶಸ್ತ್ರಧಾರಿಗಳು.

ಪಟ್ಟಿ ಕೊರೆಯುವವನು ಕೇಳಿದ. "ಎಂಟು ಸಾಲು ಖಾಲಿ ಬಿಡ್ಲಾ? ಚೆನ್ನಾಗಿ ಕಾಣಲ್ಲ."

"ಚೆನ್ನಾಗಿ ಕಾಣೋದು ಬೇಡ," ಎಂದಳು ನರ್ಸ್.

ಚೌಕಟ್ಟನ್ನು ಅವಳು ಮನೆಯೊಳಗೆ ಹಾಕಲಿಲ್ಲ. ಹತ್ತಿ ಇಳಿಯುವವರೆಲ್ಲ ಓದುವಂತೆ ಮೆಟ್ಟಿಲ ಗೋಡೆಗೆ ಮೊಳೆ ಹೊಡೆದು ಕೂರಿಸಿದಳು. ಅಣ್ಣ ಎರಡು ಸಲ ಗಾಜು ಒಡೆದ. ಎರಡನೆಯ ಸಲ ತಂಗಿಯ ಕೆನ್ನೆಯ ಮೂಳೆಯನ್ನೂ ಮುರಿದ. ಮೂರನೆಯ ಸಲ ಗಾಜೇ ಇಲ್ಲದೆ ಹೊಡೆದಳು, ನಾಲ್ಕು ಮೊಳೆಯ ಬದಲು ಹನ್ನೆರಡು ಮೊಳೆ. ಕೆಳಮನೆಯ ಹೆಂಗಸು ಬಂದು, "ಮಕ್ಕಳು ಓದ್ತವೆ ಕಣಮ್ಮ, ಹೆದರ್ತವೆ," ಅಂದಳು. "ಹೆದರಲಿ ಆಂಟಿ. ನಾವು ಹೆದರದೇ ಬೆಳೆದಿದ್ದಕ್ಕೇ ಹೀಗಾಗಿದ್ದು," ಎಂದು ನರ್ಸ್ ಊದಿದ ಮುಖದಲ್ಲೇ ಕೆಲಸಕ್ಕೆ ಹೋದಳು.

ಎಂಟು ಸಾಲು ಇನ್ನೂ ಖಾಲಿ ಇವೆ. ಆ ಎಂಟು ಜನ ಆಕಾಶದಿಂದ ಉದುರಿದವರಲ್ಲ. ಇದನ್ನು ಓದುತ್ತಿರುವ ನಿಮ್ಮದೇ ಉತ್ತರ ದಡದ ಯಾವುದೋ ಎಂಟು ಮನೆಗಳಿಂದ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟವರು, ಸಂಜೆ ಬರಲಿಲ್ಲ. ಅವರ ಹೆಣ ಸಾಗಿಸಲು ಗಾಡಿ ಕೊಟ್ಟವರು ನಿಮ್ಮ ಬೀದಿಯವರು. ಗುಂಡಿ ತೋಡಿ ಕೂಲಿ ಪಡೆದವರು, ಗುಂಡಿನ ಸದ್ದು ಕೇಳಿ ಕಿಟಕಿ ಹಾಕಿಕೊಂಡವರು, ದೋಣಿ ಕೊಟ್ಟರಂತೆ ಎಂಬ ಮಾತನ್ನು ಚಹಾದ ಜೊತೆ ಹಂಚಿದವರು, ಎಲ್ಲರೂ ನಿಮ್ಮ ಮನೆಗಳಲ್ಲೇ ಮುದುಕರಾದರು. ಕೆಲವರು ಈಗಲೂ ಪಕ್ಕದ ಕೋಣೆಯಲ್ಲಿ ಕೆಮ್ಮುತ್ತಿದ್ದಾರೆ. ಆಗ ನಾವು ಚಿಕ್ಕವರು, ನಮಗೇನು ಗೊತ್ತು ಅನ್ನಬೇಡಿ. ಈ ಪತ್ರಿಕೆಯನ್ನು ಕೆಳಗಿಡಿ. ಎದ್ದು ಆ ಕೋಣೆಗೆ ಹೋಗಿ, ಅವರ ಎದುರು ಕೂತು, ಆವತ್ತು ಮನೆಗೆ ಬಾರದವರು ಯಾರು ಎಂದು ಕೇಳಿ. ಒಂದೇ ಒಂದು ಹೆಸರು ಸಿಕ್ಕರೂ ಚೀಟಿಯಲ್ಲಿ ಬರೆದು, ಆ ಅಂಗಡಿಯ ಹಿಂದಿನ ಕೋಣೆಗೆ ನೀವೇ ತಂದುಕೊಡಿ.